ತ್ವೇರ್‌ಗೆ ಬರುವ ನಮ್ಮವರಿಗೆ: ಕೊತ್ತಂಬರಿಯಂತೆ ಕಾಣುವುದೆಲ್ಲ ಕೊತ್ತಂಬರಿಯಲ್ಲ

ರಷ್ಯಾದ ವೋಲ್ಗಾ ದಡದ ತ್ವೇರ್ ಊರಿಗೆ ಹೊರಟವರು ಮೊದಲು ಎಡವುವುದು ಮಾಸ್ಕೋದಲ್ಲೇ. ಶೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿಯವನಿಗೆ ‘ತ್ವೇರ್, ತ್ವೇರ್’ ಅಂದರೆ, ಅವನು ಮಾಸ್ಕೋ ನಡುವಿನ ತ್ವೆರ್ಸ್ಕಾಯಾ ಬೀದಿಗೆ ಕೊಂಡೊಯ್ದು ಇಳಿಸಿದರೆ ತಪ್ಪು ಅವನದಲ್ಲ. ಆ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ‘ರೆಚ್ನೊಯ್ ವಕ್ಜಾಲ್’, ಅಂದರೆ ದೋಣಿಯ ನಿಲ್ದಾಣ, ಮಾಸ್ಕೋದಲ್ಲಿ ಒಂದು ಮೆಟ್ರೊ ಸ್ಟೇಷನ್ನು; ಇಲ್ಲಿ ತ್ವೇರ್‌ನಲ್ಲಿ ಅದು ತ್ವೆರ್ತ್ಸಾ ಹೊಳೆ ವೋಲ್ಗಾ ಸೇರುವ ಮೂಲೆಯ ಹಳೇ ಕಟ್ಟಡ, 2017ರಲ್ಲಿ ಅದರ ಒಂದು ಭಾಗ ಕುಸಿಯಿತು. ಇಲ್ಲಿನ ಅಜ್ಜಿಯರು ಊರನ್ನು ಕಲೀನಿನ್ ಅನ್ನುತ್ತಾರೆ. 1931ರಿಂದ 1990ರವರೆಗೆ ಅದೇ ಹೆಸರಿತ್ತು. ಬಾಲ್ಟಿಕ್ ದಡದ ಕಲೀನಿನ್‌ಗ್ರಾದ್ ಬೇರೆಯೇ ಊರು. ಟಿಕೆಟ್ ಬುಕ್ ಮಾಡುವವರು ಇದನ್ನು ಎರಡು ಸಲ ಓದಿ.

ಸರಿಯಾದ ದಾರಿ ಇದು. ವಿಮಾನ ನಿಲ್ದಾಣದಿಂದ ಏರೋಎಕ್ಸ್‌ಪ್ರೆಸ್ ರೈಲಿನಲ್ಲಿ ಬೆಲೊರುಸ್ಕಿ ಸ್ಟೇಷನ್. ಅಲ್ಲಿ ಮೆಟ್ರೊದ ಕಂದು ಬಣ್ಣದ ವರ್ತುಲ ಮಾರ್ಗ ಹಿಡಿದರೆ ಮೂರನೆಯದು ಕೊಮ್ಸೊಮೊಲ್ಸ್ಕಾಯಾ. ಮೇಲೆ ಬಂದರೆ ಒಂದೇ ಚೌಕದಲ್ಲಿ ಮೂರು ರೈಲು ನಿಲ್ದಾಣ: ಲೆನಿನ್‌ಗ್ರಾದ್ಸ್ಕಿ, ಯಾರೊಸ್ಲಾವ್ಸ್ಕಿ, ಕಜಾನ್ಸ್ಕಿ. ನಿಮ್ಮದು ಲೆನಿನ್‌ಗ್ರಾದ್ಸ್ಕಿ. 30 ಕಿಲೋ ಸೂಟ್‌ಕೇಸು ಎಳೆದುಕೊಂಡು ಕಜಾನ್ಸ್ಕಿಯಲ್ಲಿ ಅರ್ಧ ತಾಸು ಹುಡುಕಿದ ಮೇಲೆ ಬುದ್ಧಿ ಬರುವುದು ಬೇಡ. ‘ಲಾಸ್ತೊಚ್ಕಾ’ ರೈಲಾದರೆ ಎರಡು ತಾಸಿನ ಒಳಗೆ ತ್ವೇರ್. ‘ಎಲೆಕ್ಟ್ರಿಚ್ಕಾ’ ಅನ್ನುವ ಲೋಕಲ್ ಗಾಡಿ ಅಗ್ಗ, ಆದರೆ ಎರಡೂವರೆ ತಾಸು ದಾಟುತ್ತದೆ. ಲೋಕಲ್ ಹತ್ತುವ ಮುನ್ನ ಫಲಕದಲ್ಲಿ ಕೊನೆಯ ನಿಲ್ದಾಣ ನೋಡಿ. ಕೆಲವು ಕ್ರ್ಯೂಕೊವೊದಲ್ಲೋ ಕ್ಲಿನ್‌ನಲ್ಲೋ ನಿಂತುಬಿಡುತ್ತವೆ. ಟಿಕೆಟನ್ನು ಇಳಿಯುವವರೆಗೂ ಎಸೆಯಬೇಡಿ, ಹೊರಗೆ ಹೋಗುವ ಗೇಟಿಗೂ ಅದು ಬೇಕು. 1851ರಲ್ಲಿ ಮಾಸ್ಕೋ–ಪೀಟರ್ಸ್‌ಬರ್ಗ್ ಹಳಿ ಹಾಕಿದಾಗಿನಿಂದ ಈ ಊರು ಎರಡು ರಾಜಧಾನಿಗಳ ನಡುವಿನ ನಿಲ್ದಾಣ. ತೊರ್ಜೊಕ್, ರ್ಜೆವ್ ಕಡೆಯ ಬಸ್ಸು ಹಿಡಿಯುವುದೂ ಇಲ್ಲೇ. ಟ್ರಾಂ ಹುಡುಕಬೇಡಿ, 2018ರಲ್ಲೇ ನಿಂತಿದೆ.

ಕಾಗದಪತ್ರ ಬೇಗ ಮುಗಿಸೋಣ: ಗಡಿಯಲ್ಲಿ ಕೊಡುವ ವಲಸೆ ಚೀಟಿ ಕಳೆಯಬೇಡಿ, 7 ಕೆಲಸದ ದಿನಗಳೊಳಗೆ ವಿಳಾಸ ನೋಂದಣಿ, ಬೆರಳಚ್ಚು ಮತ್ತು ವೈದ್ಯಕೀಯ ತಪಾಸಣೆಯ ಗಡುವನ್ನು ಡೀನ್ ಕಚೇರಿಯಲ್ಲಿ ಮೊದಲ ವಾರವೇ ಕೇಳಿ. ಭಾರತದ ಬ್ಯಾಂಕುಗಳ ವೀಸಾ, ಮಾಸ್ಟರ್ ಕಾರ್ಡುಗಳು 2022ರ ಮಾರ್ಚ್‌ನಿಂದ ಇಲ್ಲಿ ಪ್ಲಾಸ್ಟಿಕ್ ಚೂರು. ಮಡಿಕೆ, ಗೀಚು ಇಲ್ಲದ ಡಾಲರ್ ನೋಟು ತನ್ನಿ. 2025ರಿಂದ ವಿದೇಶಿಯರಿಗೆ ಸಿಮ್ ಸಿಗಬೇಕಾದರೆ ಮೊದಲು ಸ್ನಿಲ್ಸ್ ಅನ್ನುವ ಇಲ್ಲಿನ ಪಿಂಚಣಿ ವಿಮೆ ಖಾತೆಯ ಸಂಖ್ಯೆ, ಆಮೇಲೆ ಮುಖ ಮತ್ತು ದನಿಯ ನೋಂದಣಿ. ಅಲ್ಲಿಯವರೆಗೆ ಮನೆಗೆ ಫೋನು ಹೋಗದು ಅಂತ ಅಮ್ಮನಿಗೆ ಹೊರಡುವ ಮೊದಲೇ ಹೇಳಿಬಿಡಿ. ಎಂಬಿಬಿಎಸ್‌ಗೆ ಬರುವವರು 54 ತಿಂಗಳ ಕೋರ್ಸು, ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಎಂಬ ಭಾರತದ ವೈದ್ಯಕೀಯ ಆಯೋಗದ 2021ರ ನಿಯಮವನ್ನು ತಾವೇ ಓದಬೇಕು, ಏಜೆಂಟನ ಬಾಯಲ್ಲಿ ಕೇಳಿದ್ದು ಸಾಲದು.

ಒಂದು ಕಾಗದದ ಮೇಲೆ ಮಾತ್ರ ಕಣ್ಣಿಡಿ: ಪಾಸ್‌ಪೋರ್ಟಿನ ರಷ್ಯನ್ ಅನುವಾದ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ, ಇನಿಷಿಯಲ್ಲು ಅಪ್ಪನದು ಇಲ್ಲವೇ ಊರಿನದು. ರಷ್ಯನ್ನರಿಗೆ ಮನೆತನದ ಹೆಸರಿಲ್ಲದ ಮನುಷ್ಯ ಅರ್ಥವಾಗುವುದಿಲ್ಲ. ಅದರ ಮೇಲೆ ‘ಮಂಜುನಾಥ’ನ ಥಕಾರವನ್ನು ಒಬ್ಬ ಅನುವಾದಕ ‘ತ್‌ಹ್’ ಎಂದು ಬರೆದರೆ ಇನ್ನೊಬ್ಬ ಬರೀ ‘ತ್’ ಬರೆಯುತ್ತಾನೆ. ವೀಸಾದಲ್ಲಿ ಹೇಗಿದೆಯೋ ಅಕ್ಷರಕ್ಕಕ್ಷರ ಹಾಗೇ ಅನುವಾದ, ನೋಂದಣಿ, ಗ್ರಂಥಾಲಯದ ಕಾರ್ಡು ಎಲ್ಲದರಲ್ಲೂ ಇರಲಿ. ಇಲ್ಲವಾದರೆ ಆರನೇ ವರ್ಷ ಡಿಪ್ಲೊಮಾದಲ್ಲಿ ನೀವು ಬೇರೆ ಯಾರೋ ಆಗಿರುತ್ತೀರಿ.

ಇನ್ನು ಮನೆ. ಬಚ್ಚಲು ಅಂದರೆ ನೀರು ಸುರಿಯುವ ಜಾಗ ಅಂತ ನಮ್ಮ ಮೈಗೆ ಗೊತ್ತು. ಇಲ್ಲಿನ ಫ್ಲಾಟುಗಳ ಬಾತ್‌ರೂಮಿನ ನೆಲಕ್ಕೆ ತೂಬೇ ಇರುವುದಿಲ್ಲ! ಬಕೆಟ್ಟು, ತಂಬಿಗೆ ಹಿಡಿದು ನೆಲದ ಮೇಲೆ ಕೂತು ಸ್ನಾನ ಮಾಡಿದರೆ, ಶುಕ್ರವಾರ ಅಂತ ನೆಲಕ್ಕೆ ನೀರು ಹೊಯ್ದು ತೊಳೆದರೆ, ನೀರು ಇಳಿಯುವುದು ಕೆಳಮನೆಯವರ ಚಾವಣಿಯಿಂದ. ವಾಲ್‌ಪೇಪರು, ಮರದ ನೆಲ, ಎಲ್ಲದರ ಲೆಕ್ಕ ನಿಮ್ಮ ತಲೆಗೆ. ತಂಬಿಗೆ ಬಿಡಲಾಗದಿದ್ದರೆ ಬಾತ್‌ಟಬ್ಬಿನೊಳಗೆ ನಿಂತು ಹೊಯ್ದುಕೊಳ್ಳಿ. ನೆಲಕ್ಕೆ ಹಿಂಡಿದ ಒದ್ದೆ ಬಟ್ಟೆ ಸಾಕು. ಬೇಸಿಗೆಯಲ್ಲಿ ಕೊಳವೆ ದುರಸ್ತಿಗೆಂದು 14 ದಿನದವರೆಗೆ ಬಿಸಿನೀರು ನಿಲ್ಲಿಸುತ್ತಾರೆ. ಆಗ ಬಕೆಟ್ಟಿನ ಅಭ್ಯಾಸ ಇರುವ ನಾವೇ ಗೆದ್ದವರು. ಕೋಣೆ ಬೆಚ್ಚಗಾಗಿಸುವ ಬತಾರೆಯಾಗೆ ನಿಮ್ಮ ಕೈಯಲ್ಲಿ ಸ್ವಿಚ್ಚಿಲ್ಲ. ಸತತ ಐದು ದಿನ ಸರಾಸರಿ ತಾಪ 8 ಡಿಗ್ರಿಗಿಂತ ಕೆಳಗಿದ್ದರಷ್ಟೇ ಊರು ಬಿಸಿ ಬಿಡುತ್ತದೆ. ಹಾಗಾಗಿ ಮನೆಯೊಳಗೆ ಅತ್ಯಂತ ಚಳಿ ಜನವರಿಯಲ್ಲಲ್ಲ, ಸೆಪ್ಟೆಂಬರ್ ಕೊನೆಗೆ. ಸ್ವೆಟರನ್ನು ಪೆಟ್ಟಿಗೆಯ ತಳದಲ್ಲಿ ಇಡಬೇಡಿ.

ಅಡುಗೆಮನೆಯಲ್ಲಿ ಎಲ್ಲವೂ ಮನೆಯದೇ ಅನ್ನಿಸುತ್ತದೆ, ಯಾವುದೂ ಅಲ್ಲ. ಕೊತ್ತಂಬರಿ ಅಂತ ತಂದು ಸಾರಿಗೆ ಹಾಕುವ ಕಟ್ಟು ‘ಪೆತ್ರೂಷ್ಕಾ’, ಅಂದರೆ ಪಾರ್ಸ್ಲಿ ಸೊಪ್ಪು. ಎಲೆ ಉಜ್ಜಿ ಮೂಸಿ, ಬೇಕಾದ್ದು ‘ಕಿಂಜಾ’. ‘ಮಾನ್ಕಾ’ ಅನ್ನುವ ರವೆಯಲ್ಲಿ ಉಪ್ಪಿಟ್ಟು ಮಾಡಿದವರೆಲ್ಲ ಮೊದಲ ಸಲ ತಿಂದದ್ದು ಅಂಟು. ಪೊಟ್ಟಣದ ಮೇಲೆ ‘ಎಂ’ ಅಕ್ಷರವಿದ್ದರೆ ಮೆದು ಗೋಧಿ, ಮುದ್ದೆಯಾಗುತ್ತದೆ. ‘ಟಿ’ ಇದ್ದರೆ ಗಟ್ಟಿ ಗೋಧಿ, ಉದುರಾಗುತ್ತದೆ. ಅದನ್ನು ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರಿದು ಒಂದು ಲೋಟಕ್ಕೆ ಎರಡೂವರೆ ಲೋಟ ನೀರು. ಅದು ಸಿಗದಿದ್ದರೆ ‘ಅರ್ತೆಕ್’ ಎಂಬ ಒಡೆದ ಗೋಧಿ. ಕ್ರಸ್ನೊದಾರ್‌ನ ಗುಂಡಕ್ಕಿ ಬಿಸಿಬೇಳೆ ಬಾತಿಗೆ ಸೊಗಸು, ಚಿತ್ರಾನ್ನಕ್ಕೆ ಬೇಡ. ‘ಪ್ರೊಪಾರೆನ್ನಿ’ ಎಂದು ಬರೆದ ಹಳದಿ ಅಕ್ಕಿ ನಮ್ಮ ಕುಸುಬಲಕ್ಕಿಯೇ. ಇಡ್ಲಿಗೆ ಅದು ಮೂರು ಪಾಲು, ಉದ್ದು ಒಂದು ಪಾಲು. ಹಿಟ್ಟಿನ ಪಾತ್ರೆಯನ್ನು ಬತಾರೆಯಾ ಮೇಲೆ ಇಡಬಾರದು, ತಳ ಬೇಯುತ್ತದೆ. ಪಕ್ಕದಲ್ಲಿ ಟವೆಲ್ ಸುತ್ತಿ ಇಡಿ.

ಕೆಫೀರ್ ನೋಡಲು ಮಜ್ಜಿಗೆ, ಆದರೆ ಅದರಲ್ಲಿ ಯೀಸ್ಟ್ ಇದೆ. ಅದರಿಂದ ಹೆಪ್ಪು ಹಾಕಿದರೆ ಮೊಸರು ನೊರೆನೊರೆ. ಹೆಪ್ಪಿಗೆ ‘ಪ್ರಸ್ತೊಕ್ವಾಶಾ’ ಎಂಬ ಇಲ್ಲಿನ ಮೊಸರು ಒಳ್ಳೆಯದು. ಪನೀರಿನಂತೆ ಕಾಣುವ ತ್ವೊರೊಗ್ ಪನೀರಲ್ಲ, ಬಾಣಲೆಯಲ್ಲಿ ಪುಡಿಯಾಗುತ್ತದೆ; ‘ಅದಿಗೇಯ್ಸ್ಕಿ’ ಚೀಸ್ ಕೇಳಿ, ಹುರಿದರೂ ತುಂಡು ತುಂಡಾಗಿಯೇ ನಿಲ್ಲುತ್ತದೆ. ತೊಗರಿಬೇಳೆ ತೀರಿದ ದಿನ ಕೆಂಪು ಚೆಚೆವಿತ್ಸಾ, ಅಂದರೆ ಮಸೂರ ಬೇಳೆ, ಕಾಲು ಗಂಟೆಯಲ್ಲಿ ಬೇಯುತ್ತದೆ. ಹಳದಿ ಬಟಾಣಿ ಬೇಳೆಯಾದರೆ ರಾತ್ರಿಯೇ ನೆನೆಹಾಕಿ. ಹುಣಸೆ, ಇಂಗು, ರಾಗಿ ಹಿಟ್ಟು, ಉದ್ದು ಊರಿಂದಲೇ ತರಬೇಕು. ಸಕ್ಕರೆ, ಉಪ್ಪು ತಂದು ತೂಕ ಹಾಳು ಮಾಡಬೇಡಿ. ಸಸ್ಯಾಹಾರಿಗಳು ಹೋಟೆಲಿನಲ್ಲಿ ‘ಮಾಂಸ ಬೇಡ’ ಅಂದರೆ ಕೋಳಿ ಬರುತ್ತದೆ, ಏಕೆಂದರೆ ಇವರ ಲೆಕ್ಕದಲ್ಲಿ ಕೋಳಿ ಮಾಂಸವಲ್ಲ. ‘ಪೋಸ್ತ್‌ನೊಯೆ’ ಅನ್ನಿ. ಅದು ಉಪವಾಸದ ಅಡುಗೆ: ಮಾಂಸ, ಮೊಟ್ಟೆ, ಹಾಲು ಇರದು. ಮೀನು ಇರಬಹುದು, ಅದನ್ನು ಬೇರೆ ಕೇಳಿ.

ಚಳಿಗಾಲದ ಕೋಟನ್ನು ಊರಲ್ಲಿ ಕೊಳ್ಳಬೇಡಿ. ಬೂಟು ಉಣ್ಣೆಯ ಕಾಲ್ಚೀಲ ಹಿಡಿಸುವಂತೆ ಒಂದು ಅಳತೆ ದೊಡ್ಡದಿರಲಿ. ಕಾಲೇಜು, ಆಸ್ಪತ್ರೆ, ರಂಗಮಂದಿರ ಎಲ್ಲ ಕಡೆ ಕೋಟನ್ನು ‘ಗರ್ದೆರೋಬ್’ನಲ್ಲಿ ಕೊಟ್ಟೇ ಒಳಗೆ ಹೋಗಬೇಕು, ಕೊರಳ ಹಿಂದಿನ ಕುಣಿಕೆ ಕಿತ್ತುಹೋಗಿದ್ದರೆ ಅಲ್ಲಿನ ಅಜ್ಜಿ ನಿಮ್ಮ ತಾಯಿಯನ್ನೂ ಸೇರಿಸಿ ಬಯ್ಯುತ್ತಾಳೆ, ಬಯ್ದ ಮೇಲೆ ಸೂಜಿ ದಾರವನ್ನೂ ಕೊಡುತ್ತಾಳೆ. ಮಾರ್ಚ್‌ನಲ್ಲಿ ಸೂರಿನ ಕೆಳಗೆ ನಡೆಯಬೇಡಿ, ಹಿಮಗೋಲು ಬೀಳುತ್ತವೆ. ಹೆಪ್ಪುಗಟ್ಟಿದ ವೋಲ್ಗಾ ಮೇಲೆ ಮೀನು ಹಿಡಿಯುವವರು ಕೂತಿದ್ದಾರೆ ಅಂದಮಾತ್ರಕ್ಕೆ ಮಂಜು ಗಟ್ಟಿ ಎಂದಲ್ಲ. ತ್ವೆರ್ತ್ಸಾ, ತ್ಮಾಕಾ ಹೊಳೆಗಳು ಅದನ್ನು ಸೇರುವಲ್ಲಿ ಸೆಳೆತಕ್ಕೆ ಪದರ ತೆಳ್ಳಗಿರುತ್ತದೆ.

ಭಾಷೆಯಲ್ಲಿ ನಮಗೊಂದು ಅನುಕೂಲ: ಇವರ ‘ತಿ’, ‘ವಿ’ ನಮ್ಮ ನೀನು, ನೀವು. ಮೇಷ್ಟ್ರನ್ನು ಸರ್ ಅನ್ನುವಂತಿಲ್ಲ, ಹೆಸರಿನ ಜೊತೆ ಅಪ್ಪನ ಹೆಸರು ಸೇರಿಸಿ ಕರೆಯಬೇಕು. ಊರಲ್ಲಿ ಒಂದು ಅಕ್ಷರವಾಗಿ ಮುದುಡಿ ಕೂತಿದ್ದ ಅಪ್ಪ ಇಲ್ಲಿ ಪೂರ್ತಿ ಹೆಸರಾಗಿ ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತಾನೆ. ಮಕ್ಕಳ ಮಾತು ಮಾತ್ರ ಬೇಗ ಜಾರುತ್ತದೆ. ರಷ್ಯನ್ನಿನಲ್ಲಿ ‘ಳ’ ಇಲ್ಲ, ‘ಣ’ ಇಲ್ಲ. ಶಿಶುವಿಹಾರಕ್ಕೆ ಹೋಗುವ ಮಗುವಿಗೆ ಹಲ್ಲಿ, ಹಳ್ಳಿ ಒಂದೇ ಆಗುತ್ತವೆ. ತಿದ್ದಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ತಿದ್ದುವ ಬದಲು ಅಜ್ಜಿಯ ಜೊತೆ ವಾರಕ್ಕೊಮ್ಮೆ ಮಾತಾಡಿಸಿ. ನಮ್ಮ ನಾಡಿನ ಗಡಿಯಾರ ಎರಡೂವರೆ ಗಂಟೆ ಮುಂದಿದೆ, ಅಜ್ಜಿ ಮಲಗುವ ಮುಂಚೆ ಹಿಡಿಯಬೇಕು.

ಬಂದ ಮೊದಲ ಭಾನುವಾರ ಹಳೇ ಸೇತುವೆ ದಾಟಿ ಎಡದಂಡೆಗೆ ಹೋಗಿ. 1955ರಲ್ಲಿ ನಿಲ್ಲಿಸಿದ ಅಫನಾಸಿ ನಿಕಿತಿನ್‌ನ ಪ್ರತಿಮೆ ದೋಣಿಯ ಮೂತಿಯ ಮೇಲೆ ನಿಂತಿದೆ. ಈ ಊರಿನ ವ್ಯಾಪಾರಿ, 15ನೇ ಶತಮಾನದಲ್ಲಿ ಕುದುರೆ ಮಾರಲು ನಮ್ಮ ಬೀದರ್‌ಗೆ ಬಂದವನು, ಆಳಂದದ ಜಾತ್ರೆ ನೋಡಿದವನು. ಬಿಳಿಯನೆಂದು ಜನ ಹಿಂದೆ ಹಿಂದೆ ಬರುತ್ತಿದ್ದರು, ಕುದುರೆಗೆ ಕಿಚಡಿ ತಿನ್ನಿಸುತ್ತಾರೆ ಎಂದೆಲ್ಲ ಬರೆದಿಟ್ಟಿದ್ದಾನೆ. ದಾರಿಯಲ್ಲಿ ಅವನ ಪುಸ್ತಕಗಳನ್ನು ದೋಚಿದ್ದರು. ಹಾಗಾಗಿ ಈಸ್ಟರ್ ಯಾವತ್ತು, ಉಪವಾಸ ಯಾವತ್ತು ಅಂತ ಲೆಕ್ಕ ತಪ್ಪಿ ಪರದಾಡಿದ. ವಾಪಸು ಬರುವಾಗ ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಪೆಟ್ಟಿಗೆಯಲ್ಲಿ ಒಂದು ಗೋಡೆ ಪಂಚಾಂಗಕ್ಕೆ ಜಾಗ ಇರಲಿ. ಯುಗಾದಿಯ ದಿನ ಇಲ್ಲಿ ಕ್ಲಾಸಿರುತ್ತದೆ, ಹೊರಗೆ ಇನ್ನೂ ಹಿಮವಿರುತ್ತದೆ, ಬೇವು ಎಲ್ಲೂ ಸಿಗುವುದಿಲ್ಲ. ಒಣಗಿಸಿದ ಬೇವಿನ ಹೂವು ಒಂದು ಹಿಡಿ ಪುಟ್ಟ ಡಬ್ಬಿಯಲ್ಲಿ ಕಟ್ಟಿಕೊಳ್ಳಿ, ತೂಕವೇ ಇಲ್ಲ.