ಉಪ್ಪಾಗೆ, ಸಿಂಗಳೀಕ ಮತ್ತು ನಮ್ಮ ಠರಾವು ಪುಸ್ತಕ

ನಮ್ಮೂರು ಸಿದ್ದಾಪುರ ತಾಲೂಕಿನ ಘಟ್ಟದ ಅಂಚಿನಲ್ಲಿದೆ. ಮನೆ ಹಿಂದೆ ಅಡಿಕೆ ತೋಟ, ಅದರ ಮೇಲೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಬೆಟ್ಟ ದಾಟಿದರೆ ಸಿಂಗಳೀಕ ಎಂಬ ಮಂಗನ ಕಾಡು. ಇಲ್ಲಿನ ಗ್ರಾಮ ಅರಣ್ಯ ಸಮಿತಿಯಲ್ಲಿ ಬಹಳ ವರ್ಷದಿಂದ ಇದ್ದೇನೆ, ಎರಡು ಅವಧಿಗೆ ಅಧ್ಯಕ್ಷನೂ ಆಗಿದ್ದೆ. ಅಷ್ಟರಲ್ಲಿ ನಮ್ಮ ಕಾಡು ಕಾನೂನಿನ ಲೆಕ್ಕದಲ್ಲಿ ಎರಡು ಸಲ ಹೆಸರು ಬದಲಿಸಿತು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು, ಸುಮಾರು 300 ಚದರ ಕಿಲೋಮೀಟರ್. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಕೂಡಿಸಿ, ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಮಾಡಿದರು.

ಮೊದಲ ಸುದ್ದಿ ಬಂದಾಗ ಶಾಲೆಯ ಜಗಲಿಯಲ್ಲಿ ಸಭೆ ಕೂಡಿತು. ಎಲ್ಲರಿಗೂ ಒಂದೇ ಭಯ: ಸೊಪ್ಪಿನ ಬೆಟ್ಟ ಕೈಬಿಟ್ಟಿತೇ? ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು, ದರಕು (ಒಣಗಿದ ಎಲೆ) ಇಲ್ಲದಿದ್ದರೆ ಕೊಟ್ಟಿಗೆಯೂ ಇಲ್ಲ, ಗೊಬ್ಬರವೂ ಇಲ್ಲ, ತೋಟವೂ ಇಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು, "ತಮಾ, ಮಂಗನ ಹೆಸರು ಹೇಳಿ ನಮ್ಮನ್ನ ಎಬ್ಬಿಸ್ತಾರೇನೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಗೊತ್ತಿಲ್ಲದೆ ಅಧ್ಯಕ್ಷನ ಕುರ್ಚಿಯಲ್ಲಿ ಕೂತದ್ದಕ್ಕೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುವಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರತಿ ತಂದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಓದಿದೆ. 1972ರ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ 36ಎ ಕಲಂ ಸೇರಿತು. ಸರ್ಕಾರದ ಜಾಗವನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ಸಂರಕ್ಷಣಾ ಮೀಸಲು ಮಾಡಬಹುದು ಎನ್ನುತ್ತದೆ ಅದು. ಬೆಂಕಿ ಹಾಕಬಾರದು, ವಿಷ, ಸ್ಫೋಟಕ ಬಳಸಬಾರದು, ಅಪರಾಧ ನಡೆದರೆ ತಿಳಿಸಬೇಕು. ಅಭಯಾರಣ್ಯದ ಈ ನಿಯಮಗಳು ಸಂರಕ್ಷಣಾ ಮೀಸಲಿಗೂ ಅನ್ವಯ. ಅರಣ್ಯ ಉತ್ಪನ್ನ ತೆಗೆಯುವುದನ್ನು ಬಿಗಿ ಮಾಡುವ 29ನೇ ಕಲಂ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಸೊಪ್ಪಿಗೆ ಈ ಘೋಷಣೆಯಿಂದ ಹೊಸ ತಡೆ ಇಲ್ಲ. ಇದನ್ನು ಸಭೆಯಲ್ಲಿ ಓದಿ ಹೇಳಿದಾಗ ಜಗಲಿಯಲ್ಲಿ ಕವಳದ (ಎಲೆಯಡಿಕೆಯ) ಬಟ್ಟಲು ಮತ್ತೆ ಕೈಯಿಂದ ಕೈಗೆ ಹೋಗತೊಡಗಿತು.

36ಬಿ ಕಲಮಿನಲ್ಲಿ ಇಂಥ ಮೀಸಲಿಗೆ ಇರಬೇಕಾದ ಸಮಿತಿಯ ವಿಚಾರ ಇದೆ. ಪ್ರದೇಶ ಯಾವ ಯಾವ ಪಂಚಾಯತಿಗೆ ಸೇರುತ್ತದೋ ಅವುಗಳಿಂದ ಒಬ್ಬೊಬ್ಬರು, ವನ್ಯಜೀವಿ ಕೆಲಸ ಮಾಡುವ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು. ಅರಣ್ಯ ಇಲಾಖೆಯವರು ಸದಸ್ಯ ಕಾರ್ಯದರ್ಶಿ. ಓದುತ್ತಾ ಖುಷಿಯಾಯಿತು. ಆಮೇಲೆ ಒಂದು ಪದದ ಮೇಲೆ ಕಣ್ಣು ನಿಂತಿತು: ಈ ಸಮಿತಿಯ ಕೆಲಸ ಮುಖ್ಯ ವನ್ಯಜೀವಿ ಪರಿಪಾಲಕರಿಗೆ "ಸಲಹೆ" ಕೊಡುವುದು. ಕೊಕ್ಕರೆ ಬೆಳ್ಳೂರಿನಂಥ ಸಮುದಾಯ ಮೀಸಲಿನಲ್ಲಿ ಹಾಗಲ್ಲ. ಅಲ್ಲಿ ಊರಿನವರೇ ಹೆಚ್ಚಿರುವ ಸಮಿತಿಗೆ ನಿರ್ವಹಣೆಯ ಹೊಣೆಯನ್ನೇ ಕಾನೂನು ಕೊಟ್ಟಿದೆ, ಅದರ ಅಧ್ಯಕ್ಷ ಗೌರವ ವನ್ಯಜೀವಿ ಪರಿಪಾಲಕನೂ ಹೌದು. ಆದರೆ ಅದು ಖಾಸಗಿ ಇಲ್ಲವೇ ಸಮುದಾಯದ ಜಾಗಕ್ಕೆ ಮಾತ್ರ. ನಮ್ಮದು ಸರ್ಕಾರಿ ಕಾಡು.

ಸಲಹೆ ಎಂದರೆ ಸಲಹೆಯೇ ಸರಿ, ಬರೆದುಕೊಡೋಣ ಎಂದು ಹೊರಟೆವು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಠರಾವು ಪುಸ್ತಕದಲ್ಲಿ ತಾರೀಖು, ಸಹಿ ಹಾಕಿ ಇಟ್ಟದ್ದು ಉಳಿಯುತ್ತದೆ. ಮೊದಲು ಹಿಡಿದದ್ದು ಉಪ್ಪಾಗೆ ಎಂಬ ಹುಳಿ ಹಣ್ಣಿನ ಕಾಡುಮರದ ಕೆಲಸ.

ಉಪ್ಪಾಗೆ ಹಣ್ಣಾಗುವುದು ಜಡಿಮಳೆಯ ಕಾಲದಲ್ಲಿ. ಸಿಪ್ಪೆ ಒಣಗಿಸಿ ಮಾರುತ್ತೇವೆ, ಬೀಜದಿಂದ ತುಪ್ಪ ತೆಗೆಯುತ್ತೇವೆ. ಬೊಜ್ಜು ಇಳಿಸುವ ಔಷಧಕ್ಕೆ ಇದರ ಸಾರ ಹೋಗತೊಡಗಿದ ಮೇಲೆ ಬೆಲೆ ಏರಿ ಪೈಪೋಟಿ ಹುಟ್ಟಿತು. ಇನ್ನೊಬ್ಬ ಕೊಯ್ದುಬಿಟ್ಟಾನು ಎಂದು ಹಸಿರು ಕಾಯನ್ನೇ ಕೀಳುವುದು, ಹತ್ತಲು ಬೇಸರವಾಗಿ ಟೊಂಗೆಯನ್ನೇ ಕಡಿಯುವುದು, ಮಳೆಯಲ್ಲಿ ಒಣಗಿಸಲು ಸೌದೆ ರಾಶಿ ಸುಡುವುದು. ಅದೇ ಹಣ್ಣು ಸಿಂಗಳೀಕಕ್ಕೂ ಬೇಕು. ಅದು ಮರದ ಮೇಲೇ ಬದುಕುವ ಪ್ರಾಣಿ, ಟೊಂಗೆಯಿಂದ ಟೊಂಗೆಗೆ ದಾರಿ ಇದ್ದರೆ ಮಾತ್ರ ಅದಕ್ಕೆ ಕಾಡು. ಈ ಭಾಗದಲ್ಲಿ 32 ಗುಂಪುಗಳಿವೆ, ಒಟ್ಟು 600ಕ್ಕೂ ಮಿಕ್ಕಿ ಇವೆ ಎಂದು ಸಂಶೋಧಕ ಎಚ್.ಎನ್. ಕುಮಾರ ಮತ್ತು ಸಂಗಡಿಗರು ಎಣಿಸಿ ಹೇಳಿದ ಮೇಲೆಯೇ ನಮ್ಮ ಕಾಡಿನ ಬೆಲೆ ಹೊರಗಿನವರಿಗೆ ಗೊತ್ತಾಗಿದ್ದು.

ಠರಾವು ಚಿಕ್ಕದಾಗಿತ್ತು. ಕೊಯ್ಲು ಶುರುಮಾಡುವ ದಿನವನ್ನು ಊರೇ ಗೊತ್ತುಮಾಡಬೇಕು, ಅದಕ್ಕಿಂತ ಮೊದಲು ಯಾರೂ ಹೋಗಬಾರದು. ಟೊಂಗೆ ಕಡಿಯಬಾರದು. ಮರದ ನೆತ್ತಿಯ ಹಣ್ಣು ಸಿಂಗಳೀಕಕ್ಕೆ. ದಿನ ಗೊತ್ತುಮಾಡಲು ಹಿರಿಯರಿಬ್ಬರ ಜೊತೆ ಐದಾರು ಮರ ಸುತ್ತಿ ಬರುತ್ತಿದ್ದೆವು. ಎಳೆಕಾಯಿಯ ತೊಟ್ಟು ಮುರಿದರೆ ಹಳದಿ ಅಂಟು ಜಿನುಗಿ ಅಂಗೈಗೆ ಹತ್ತುತ್ತದೆ, ತೊಳೆದರೂ ಬೇಗ ಹೋಗುವುದಿಲ್ಲ. ಎರಡನೇ ವರ್ಷ ದಿನಕ್ಕಿಂತ ಮೊದಲೇ ಎರಡು ಮರ ಬೋಳಾದಾಗ ನಾವು ಹೊರಗಿನವರ ಮೇಲೆ ಅನುಮಾನ ಪಟ್ಟೆವು. ಸಭೆಯಲ್ಲಿ ಚಹಾ ಲೋಟ ಹಿಡಿದ ನಮ್ಮವನೇ ಒಬ್ಬನ ಬೆರಳುಗಳು ಹಳದಿಯಾಗಿದ್ದವು. ಯಾರೂ ಕೂಗಾಡಲಿಲ್ಲ. ಅವನೇ ಎದ್ದು ಹೋದ, ಮೂರು ವರ್ಷ ಸಮಿತಿ ಕಡೆ ತಲೆ ಹಾಕಲಿಲ್ಲ. ಸಾಲ ಇತ್ತು ಅವನಿಗೆ. ಅದನ್ನು ಮೊದಲೇ ಕೇಳಿ ತಿಳಿಯದೇ ಹೋದದ್ದು ನನ್ನ ತಪ್ಪು. ಮುಂದಿನ ವರ್ಷದಿಂದ, ಕಷ್ಟದಲ್ಲಿರುವ ಮನೆಗೆ ಸಿಪ್ಪೆ ಮಾರುವ ಮುಂಚೆಯೇ ಮುಂಗಡ ಕೊಡುವ ಪದ್ಧತಿ ಮಾಡಿದೆವು. ಮಣ್ಣು ಮೆತ್ತಿದ ಮುಚ್ಚು ಒಲೆ ಕಟ್ಟಿ ನಾಲ್ಕು ಮನೆಯವರು ಒಟ್ಟಿಗೆ ಒಣಗಿಸತೊಡಗಿದ ಮೇಲೆ ಸೌದೆಯೂ ಕಡಿಮೆಯಾಯಿತು.

2019ರಲ್ಲಿ ಅಭಯಾರಣ್ಯವಾದಾಗ ಮತ್ತೆ ಅದೇ ಜಗಲಿ, ಅದೇ ಪ್ರಶ್ನೆ. ಈ ಸಲ ಉತ್ತರ ಕಷ್ಟದ್ದಾಗಿತ್ತು. 29ನೇ ಕಲಂ ಈಗ ಲಾಗು. ಹೊರತೆಗೆದ ಅರಣ್ಯ ಉತ್ಪನ್ನವನ್ನು ಸುತ್ತಲಿನವರ ಮನೆಬಳಕೆಗೆ ಕೊಡಬಹುದು, ವ್ಯಾಪಾರಕ್ಕಲ್ಲ. ಉಪ್ಪಾಗೆ ಮಾರಿಯೇ ಮಳೆಗಾಲ ದಾಟುವ ಮನೆಗಳಿಗೆ ಇದು ದೊಡ್ಡ ಹೊಡೆತ. ಅಭಯಾರಣ್ಯದ ಸಲಹಾ ಸಮಿತಿಗೆ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ನೇಮಿಸಿದ ಹಿರಿಯ ಅಧಿಕಾರಿಯೋ ಮುಖ್ಯಸ್ಥರು. ಪಂಚಾಯತಿ ವ್ಯವಸ್ಥೆಯಿಂದ ಮೂವರು ಮಾತ್ರ. ಇಷ್ಟು ದೊಡ್ಡ ಪ್ರದೇಶಕ್ಕೆ ಮೂವರು!

ಆದರೂ ಅಭಯಾರಣ್ಯ ಬೇಡವೆಂದು ನಾನು ಹೇಳಲಾರೆ. ಇದರೊಳಗೆ ದೊಡ್ಡ ಯೋಜನೆ ಬರಬೇಕಾದರೆ ವನ್ಯಜೀವಿ ಮಂಡಳಿಯ ಮುಂದೆ ಹೋಗಲೇಬೇಕು. ಶರಾವತಿಯ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಎತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ) ಯೋಜನೆಯ ವಿಚಾರ ಬಂದಾಗ ಕಾಡಿನ ಪರ ಮಾತಾಡುವವರಿಗೆ ಆಧಾರವಾದದ್ದು ಈ ಹೆಸರೇ. ಮೀಸಲು ಪ್ರದೇಶವಾಗಿಯೇ ಉಳಿದಿದ್ದರೆ ಅಷ್ಟು ಗಟ್ಟಿ ಬೇಲಿ ಇರುತ್ತಿರಲಿಲ್ಲ. ಬೇಲಿ ಗಟ್ಟಿಯಾದಷ್ಟೂ ಒಳಗಿರುವ ನಮ್ಮ ಬಾಗಿಲು ಸಣ್ಣದಾಯಿತು ಎಂಬುದೇ ನನ್ನ ಸಂಕಟ.

ಬಾಗಿಲು ಇರುವುದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಪರಂಪರೆಯಿಂದ ಸಂಗ್ರಹಿಸುತ್ತಾ ಬಂದ ಕಿರು ಅರಣ್ಯ ಉತ್ಪನ್ನವನ್ನು ತೆಗೆಯುವ, ಮಾರುವ ಹಕ್ಕನ್ನು ಅದು ಗುರುತಿಸುತ್ತದೆ, ಅಭಯಾರಣ್ಯದೊಳಗೂ. ಬುಡಕಟ್ಟಿನವರಲ್ಲದ ನಮ್ಮಂಥವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ನೆಲೆಸಿ ಕಾಡನ್ನು ನೆಚ್ಚಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಸಮುದಾಯ ಹಕ್ಕಿನ ಅರ್ಜಿಗೆ ಗ್ರಾಮಸಭೆಯಲ್ಲಿ ಸಹಿ ಹಾಕಿಸಿದ್ದೇವೆ. ಅಜ್ಜಿಯ ಮನೆಯ ನಾಗಂದಿಗೆಯ ಮೇಲೆ ಸಿಕ್ಕ ಹಳೆಯ ಬೆಟ್ಟದ ಕಾಗದ, ಹಿರಿಯರ ಹೇಳಿಕೆ, ನಾವೇ ನಡೆದು ಬರೆದ ನಕ್ಷೆ ಜೊತೆಗಿವೆ. ಉಪ್ಪಾಗೆಯ ಠರಾವುಗಳ ನಕಲನ್ನೂ ಲಗತ್ತಿಸಿದ್ದೇವೆ, ಪ್ರತಿ ವರ್ಷದ್ದು, ತಾರೀಖಿನೊಂದಿಗೆ. ನಕ್ಷೆಗಾಗಿ ನಡೆದ ದಿನ ಆ ಬೋಳಾಗಿದ್ದ ಮರಗಳಲ್ಲೊಂದರ ಕೆಳಗೆ ನಿಂತೆವು. ಹೊಸ ಟೊಂಗೆ ಒಡೆದು ಪಕ್ಕದ ಮರವನ್ನು ಮುಟ್ಟಿತ್ತು. ಕೆಳಗೆ ನೆಲದ ತುಂಬ ಅರ್ಧ ಕಚ್ಚಿದ ಹಣ್ಣುಗಳು ಬಿದ್ದಿದ್ದವು.