ಚಪ್ಪೆ ನೀರಲ್ಲಿ ಬೋಟು ಕಟ್ಟಿ ಹುಳ ಕೊಂದಿದ್ದು: ನನ್ನ ಅನುಭವ

ನಮ್ಮದು ಶರಾವತಿ ಹೊಳೆ ದಂಡೆಯ ಬೋಟ್ ಯಾರ್ಡ್. ಹೊನ್ನಾವರದಿಂದ ಮೇಲೆ ಆರೇಳು ಕಿಲೋಮೀಟರ್. ಅಜ್ಜ ಶುರು ಮಾಡಿದ್ದು, ಅಪ್ಪ ಬೆಳೆಸಿದ್ದು, ನಾನು ಮುಳುಗಿಸದೆ ಇಟ್ಟುಕೊಂಡಿದ್ದು. ಬೋಟಿನ ಮರ ಕೊರೆದು ತಿನ್ನುವ ಹುಳವನ್ನು ಚಪ್ಪೆ, ಅಂದರೆ ಉಪ್ಪಿಲ್ಲದ, ಹೊಳೆ ನೀರಿನಲ್ಲಿ ಕೊಂದ ಕಥೆ ಇದು. ಮರದ ಬೋಟಿನ ಕೆಲಸ ಗೊತ್ತಿದ್ದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ, ಹಾಗಾಗಿ ಹಲಗೆ ಕೂಡಿಸುವುದು ಹೇಗೆ, ಸಂದಿಗೆ ನೂಲು ತುಂಬುವುದು ಹೇಗೆ ಅಂತೆಲ್ಲ ಹೇಳುವುದಿಲ್ಲ.

ಅಜ್ಜನ ಕಾಲದಲ್ಲಿ ಮಂಜಿ ಕಟ್ಟುತ್ತಿದ್ದರು. ತೆಂಗಿನಕಾಯಿ, ಅಡಿಕೆ, ಕಟ್ಟಿಗೆ ತುಂಬಿಕೊಂಡು ಮುಂಬೈ ಕಡೆ ಹೋಗುವ ಹಾಯಿ ಹಡಗುಗಳು. ರಸ್ತೆ ಬಂತು, ಸೇತುವೆ ಬಂತು, ಲಾರಿ ಬಂತು, ಮಂಜಿ ಹೋಯಿತು. ಅಪ್ಪನ ಕಾಲಕ್ಕೆ, 1975ರ ಆಸುಪಾಸಿನಿಂದ, ಮೀನಿನ ಗುಂಪಿಗೆ ಬಲೆ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳ ಸುಗ್ಗಿ. ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದವರೆಲ್ಲ ಬಾಯಿ ಬಡಿದುಕೊಂಡರೂ ನಮ್ಮ ಯಾರ್ಡಿನಲ್ಲಿ ಮಾತ್ರ ವರ್ಷಕ್ಕೆ ನಾಲ್ಕೈದು ಬೋಟು ಇಳಿಯುತ್ತಿದ್ದವು. ನನ್ನ ಕೈಗೆ ಬರುವಾಗ ಫೈಬರು, ಕಬ್ಬಿಣ. ಹೊಸ ಮರದ ಬೋಟು ಕಟ್ಟಿಸುವವರು ಯಾರೂ ಇಲ್ಲ. ಉಳಿದದ್ದು ರಿಪೇರಿ. ರಿಪೇರಿಯಲ್ಲಿ ಮುಕ್ಕಾಲು ಪಾಲು ಒಂದೇ ಕಾರಣಕ್ಕೆ, ಹುಳ.

ಹುಳ ಹಿಡಿದ ಹಲಗೆ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ. ಸೂಜಿ ಚುಚ್ಚಿದಷ್ಟು ತೂತು, ಅಷ್ಟೆ. ಸುತ್ತಿಗೆ ಹಿಂಬದಿಯಿಂದ ಬಡಿದರೆ ಡಬ ಡಬ ಅನ್ನುತ್ತದೆ. ಕೊಯ್ದು ನೋಡಿದರೆ ಒಳಗೆಲ್ಲ ಬೆರಳು ಗಾತ್ರದ ಸುರಂಗ, ಒಳಮೈಗೆ ಸುಣ್ಣ ಸಾರಿಸಿದ ಹಾಗೆ ಬಿಳಿ ಪದರ. ಹೆಬ್ಬಲಸಿನ ಹಲಗೆ ಈಗ ಯಾವ ರೇಟಿಗೆ ಸಿಗುತ್ತದೆ ಅಂತ ನಿಮಗೆ ಗೊತ್ತು. 2017ರಲ್ಲಿ ಒಂದು 45 ಅಡಿ ಬೋಟಿಗೆ ಹನ್ನೊಂದು ಹಲಗೆ ಬದಲಿಸಿದೆವು, ಕೂಲಿ ಸೇರಿ ಎರಡೂಕಾಲು ಲಕ್ಷದ ಹತ್ತಿರ ಆಯಿತು. ಎರಡು ವರ್ಷಕ್ಕೆ ಅದೇ ಬೋಟು ಅದೇ ರೋಗ ಹಿಡಿದುಕೊಂಡು ಮತ್ತೆ ಬಂತು. ಯಜಮಾನರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಅಜ್ಜ ಒಂದು ಮಾತು ಹೇಳುತ್ತಿದ್ದರು. ಗೇರುಸೊಪ್ಪೆಗೆ ಮೆಣಸು ತರಲು ಹೋದ ದೋಣಿಗೆ ಹುಳ ಹಿಡಿಯುವುದಿಲ್ಲ ಅಂತ. ಮೆಣಸಿನ ಘಾಟಿಗೆ ಹುಳ ಸಾಯುತ್ತದೆ ಅಂತಲೇ ನಾನು ಸಣ್ಣವನಿದ್ದಾಗ ನಂಬಿದ್ದೆ. ಗೇರುಸೊಪ್ಪೆ ಅಂದರೆ ಇದೇ ಹೊಳೆಯ ಮೇಲ್ಗಡೆ ಇರುವ ಚೆನ್ನಭೈರಾದೇವಿಯ ಊರು, ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದವಳು. ಆದರೆ ಹುಳ ಕೊಂದದ್ದು ಮೆಣಸಲ್ಲ, ಅಲ್ಲಿನ ಚಪ್ಪೆ ನೀರು. ಈ ಹುಳಕ್ಕೆ ಉಪ್ಪು ಬೇಕು. ಮಳೆಗಾಲದಲ್ಲಿ ಹೊಳೆ ಚಪ್ಪೆಯಾದಾಗ ಅಜ್ಜ ಮಂಜಿಯನ್ನು ಮೇಲೆ ಕಟ್ಟಿಡುತ್ತಿದ್ದದ್ದು ಇದಕ್ಕೇ. ಅಪ್ಪ ಅದನ್ನು ಬಿಟ್ಟರು. ಮಳೆಗಾಲದ ನೆರೆಯಲ್ಲಿ ಮರದ ದಿಮ್ಮಿ ಬಂದು ಬಡಿದು ಒಂದು ಬೋಟು ಒಡೆದಿತ್ತಂತೆ.

ನನ್ನ ಯೋಚನೆ ಏನೆಂದರೆ, ಮಳೆಗಾಲ ಯಾಕೆ ಬೇಕು? ಗೇರುಸೊಪ್ಪೆಯಲ್ಲಿ ಟೇಲ್‌ರೇಸ್ ಅಣೆಕಟ್ಟು, ಅಂದರೆ ಮೇಲಿನ ಕರೆಂಟು ಮನೆಗಳು ಬಿಟ್ಟ ನೀರನ್ನು ಮತ್ತೆ ಹಿಡಿಯುವ ಅಣೆಕಟ್ಟು, ಆದ ಮೇಲೆ, ಅಲ್ಲಿ 240 ಮೆಗಾವ್ಯಾಟ್ ಕರೆಂಟು ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತಲೇ ಇರುತ್ತದೆ. ಮೊದಲು ಡಿಸೆಂಬರ್ ಕಳೆದರೆ ನಮ್ಮ ಯಾರ್ಡಿನ ಎದುರು ನೀರು ಬಾಯಿಗಿಡುವ ಹಾಗಿರಲಿಲ್ಲ. ಈಗ ಫೆಬ್ರವರಿಯಲ್ಲೂ ಚಪ್ಪೆ. ಇದರಿಂದ ಬಳಚು (ಹೊಳೆಯ ಚಿಪ್ಪುಮೀನು) ಹೆಕ್ಕುತ್ತಿದ್ದ ಹೆಂಗಸರ ಹೊಟ್ಟೆ ಮೇಲೆ ಹೊಡೆತ ಬಿತ್ತು, ಅದು ಸುಳ್ಳಲ್ಲ. ನನಗೆ ಮಾತ್ರ ಅದೇ ನೀರಿನಲ್ಲಿ ದಾರಿ ಕಂಡಿತು. ನಮ್ಮ ದೊಡ್ಡ ಆಚಾರಿಗೆ ಹೇಳಿದರೆ, "ತಮಾ, ಬೇಸಿಗೆ ಹೊಳೆಗೆ ಬೋಟು ಕಟ್ಟಿ ಹುಳ ಸಾಯೂದಾದ್ರೆ ನಾನು ಇಷ್ಟು ವರ್ಷ ಹಲಗೆ ಯಾಕೆ ಕುಟ್ತಿದ್ದೆ ಮಾರಾಯಾ" ಅಂದರು. ಬೋಟು ನಿಲ್ಲುವ ಧಕ್ಕೆಯಲ್ಲೂ ಎಲ್ಲರೂ ನಕ್ಕರು.

ಸೀಸನ್ ನಡುವೆ ಯಾರು ಬೋಟು ಕೊಡುತ್ತಾರೆ? ಮೀನುಗಾರಿಕೆ ಬಂದ್ ಇರುವ ಜೂನ್, ಜುಲೈ ಎರಡು ತಿಂಗಳು ಬಿಟ್ಟರೆ ಒಂದೊಂದು ದಿನವೂ ದುಡ್ಡು. ಹಾಗಾಗಿ ಇಂಜಿನ್ ಬಿಚ್ಚಿ ವರ್ಕ್‌ಶಾಪಿಗೆ ಕಳಿಸಿದ ಬೋಟುಗಳನ್ನೇ ಹುಡುಕಿದೆ. ಅವು ಹೇಗೂ ಸುಮ್ನೆ ನಿಂತಿರುತ್ತವೆ. ಇನ್ನೊಂದು ಬೋಟಿಗೆ ಕಟ್ಟಿ ಎಳೆದು ತರುವುದು. ಸೇತುವೆ ಅಡಿ ದಾಟಲು ಕಂಬ ಇಳಿಸಬೇಕು, ಇಳಿತ ನೋಡಿ ಹೊರಡಬೇಕು, ಅಷ್ಟೇ ಕಿರಿಕಿರಿ.

ಮೊದಲ ಸಲ ಹನ್ನೆರಡು ದಿನ ಇಟ್ಟೆ. ಮೇಲೆ ಎಳೆದು ಒಂದು ಹಲಗೆ ಕೊಯ್ದರೆ ಹುಳ ಆರಾಮಾಗಿ ಮಿಸುಕಾಡುತ್ತಿತ್ತು. ನೀರು ಹಿಡಿಸದಿದ್ದರೆ ಅದು ತೂತಿಗೆ ಒಳಗಿನಿಂದ ಬಾಗಿಲು ಹಾಕಿಕೊಂಡು ವಾರಗಟ್ಟಲೆ ಕೂರುತ್ತದೆ ಅಂತ ಆಮೇಲೆ ಗೊತ್ತಾಯಿತು. ಎಳೆದ ಖರ್ಚು, ಇಳಿಸಿದ ಖರ್ಚು, ಎಲ್ಲ ಸೇರಿ ಹದಿನೆಂಟು ಸಾವಿರ ನನ್ನ ಕೈಯಿಂದ ಹೋಯಿತು.

ಮುಂದಿನ ವರ್ಷ ಮೂವತ್ತು ದಿನ. ಈ ಸಲ ಗೆದ್ದೆ ಅಂತ ಧಕ್ಕೆಯಲ್ಲಿ ಮೊದಲೇ ಹೇಳಿಕೊಂಡು ತಿರುಗಿದ್ದೆ, ತಪ್ಪು ಮಾಡಿದೆ. ಎಳೆದು ನೋಡಿದರೆ ಮೇಲಿನ ಹಲಗೆಯ ಹುಳ ಎಲ್ಲ ಸತ್ತು ನಾರುತ್ತಿದ್ದವು, ಅಡಿಮರದ (ಬೋಟಿನ ತಳದ ಉದ್ದ ಮರ) ಹತ್ತಿರದ ಎರಡು ಹಲಗೆಯಲ್ಲಿ ಮಾತ್ರ ಜೀವಂತ. ಒಂದೇ ಬೋಟು, ಒಂದೇ ಹೊಳೆ, ಅರ್ಧ ಸತ್ತಿದೆ ಅರ್ಧ ಬದುಕಿದೆ ಅಂದರೆ ಏನು? ಮೂರು ರಾತ್ರಿ ನಿದ್ದೆ ಬರಲಿಲ್ಲ.

ಕೊನೆಗೆ ಒಂದು ಸೋಡಾ ಬಾಟಲಿಗೆ ಕಲ್ಲು ಕಟ್ಟಿ, ಬಾಯಿಗೆ ಬಿರಡೆ ಹಾಕಿ, ಬಿರಡೆಗೆ ಬೇರೆ ದಾರ ಕಟ್ಟಿ, ಬೋಟಿನ ಅಡಿಯಷ್ಟು ಆಳಕ್ಕೆ ಇಳಿಸಿ ದಾರ ಎಳೆದೆ. ಗುಳು ಗುಳು ಅಂತ ತುಂಬಿತು. ಮೇಲೆ ತಂದು ನಾಲಿಗೆಗೆ ಇಟ್ಟರೆ ಉಪ್ಪೇ ಉಪ್ಪು. ಮೇಲಿನ ನೀರು ಚಪ್ಪೆ, ಅಡಿಯಲ್ಲಿ ಉಪ್ಪು! ಉಪ್ಪು ನೀರು ಭಾರ, ಉಬ್ಬರದಲ್ಲಿ ಅಡಿಯಿಂದ ನುಗ್ಗುತ್ತದೆ. ಜೊತೆಗೆ ನಾನು ಬೋಟು ಕಟ್ಟಿದ್ದು ಮರಳು ತೆಗೆದ ಹೊಂಡದ ಮೇಲೆ, ಆಳ ಇದೆ, ನೆಲಕ್ಕೆ ತಾಗುವುದಿಲ್ಲ ಅಂತ ಖುಷಿಪಟ್ಟುಕೊಂಡು. ಹೊಂಡದಲ್ಲಿ ನಿಂತ ಉಪ್ಪು ನೀರು ಹೊರಗೆ ಹೋಗುವುದೇ ಇಲ್ಲ.

ಸಿಗಡಿ ಕೆರೆ ಮಾಡುವ ಗೆಳೆಯನ ಹತ್ತಿರ ಉಪ್ಪು ನೋಡುವ ಕೈಮೀಟರ್ ತಂದೆ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡುವುದು, ಗೊತ್ತಲ್ಲ. ಸಮುದ್ರ 35 ತೋರಿಸುತ್ತದೆ, ಅಂದರೆ ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು. ನನಗೆ ಬೇಕಾದ್ದು ಅಡಿಯಲ್ಲೂ ಐದಕ್ಕಿಂತ ಕಮ್ಮಿ. ನೀರು ಹೆಚ್ಚು ಏರುವ ಹುಣ್ಣಿಮೆ, ಅಮಾವಾಸ್ಯೆ ಉಬ್ಬರದಲ್ಲೇ ಅಳೆಯಬೇಕು, ಬೇರೆ ದಿನ ಅಳೆದು ಪ್ರಯೋಜನ ಇಲ್ಲ. ಹದಿನೈದು ದಿನ ಸಣ್ಣ ದೋಣಿಯಲ್ಲಿ ಮೇಲೆ ಕೆಳಗೆ ಓಡಾಡಿ ಒಂದು ಜಾಗ ಕಂಡುಹಿಡಿದೆ. ಯಾರ್ಡಿನಿಂದ ಇನ್ನೂ ನಾಲ್ಕು ಕಿಲೋಮೀಟರ್ ಮೇಲೆ, ಒಂದು ತಿರುವಿನಲ್ಲಿ. ಯಾವ ತಿರುವು ಅಂತ ಕೇಳಬೇಡಿ, ಮೀಟರ್ ತಗೊಂಡು ನೀವೇ ಹುಡುಕಿ.

ಈ ನಡುವೆ ಬೇರೆ ಹುಚ್ಚಾಟವೂ ಮಾಡಿದೆ. ಭಾವನ ಅಡಿಕೆ ತೋಟದಿಂದ ಮೈಲುತುತ್ತ (ತಾಮ್ರದ ಸಲ್ಫೇಟ್) ತಂದು ನೀರಿಗೆ ಕಲಸಿ ಹಲಗೆಗೆ ಕುಡಿಸಿದೆ. ಕೊಳೆ ರೋಗಕ್ಕೆ ಆಗುತ್ತದೆ, ಹುಳಕ್ಕೆ ಯಾಕಾಗಬಾರದು ಅಂತ. ಹುಳದ ಕಥೆ ಬಿಡಿ, ಕಬ್ಬಿಣದ ಮೊಳೆಗಳಿಗೆಲ್ಲ ತಾಮ್ರ ಹತ್ತಿ ಕೆಂಪಾಗಿ, ಒಂದು ವರ್ಷಕ್ಕೆ ಮೊಳೆಯೇ ತಿಂದುಹೋಯಿತು. ಭಾವ ಇವತ್ತಿಗೂ ಮೈಲುತುತ್ತದ ದುಡ್ಡು ಕೇಳುತ್ತಾನೆ. ಮರದ ಮೇಲೆ ಫೈಬರ್ ಹೊದಿಸುವುದನ್ನೂ ನೋಡಿದೆ. ಮರ ಪೂರ್ತಿ ಒಣಗದೆ ಹೊದಿಸಿದರೆ ಒಳಗೇ ಲಡ್ಡಾಗುತ್ತದೆ, ಹೊರಗೆ ಮಾತ್ರ ಹೊಳಪು. ಬೇವಿನೆಣ್ಣೆ ಸುಮ್ನೆ ದಂಡ.

ಮೂರನೇ ಸಲ, ಆ ತಿರುವಿನಲ್ಲಿ, ನಲವತ್ತು ದಿನ. ಬೋಟು ಅದೇ ಹನ್ನೊಂದು ಹಲಗೆಯದು, ಯಜಮಾನರು "ಹೇಗೂ ಹಾಳಾಗಿದೆ, ಮಾಡು" ಅಂತ ಕೊಟ್ಟಿದ್ದರು. ಎಳೆದ ದಿನ ವಾಸನೆಗೆ ಹತ್ತಿರ ಹೋಗಲು ಆಗಲಿಲ್ಲ. ಆ ವಾಸನೆಯಷ್ಟು ಖುಷಿ ನನಗೆ ಅತ್ತರಿನಿಂದಲೂ ಸಿಕ್ಕಿರಲಿಲ್ಲ. ಐದು ಕಡೆ ಕೊಯ್ದು ನೋಡಿದೆವು, ಅಡಿಮರದ ಹತ್ತಿರವೂ ಸೇರಿ, ಒಂದೂ ಜೀವಂತ ಇಲ್ಲ. ಆಚಾರಿ ಉಳಿ ತಗೊಂಡು ತಾವೇ ಇನ್ನೆರಡು ಕಡೆ ಕೆತ್ತಿದರು. ಏನೂ ಹೇಳಲಿಲ್ಲ, ಚಾ ತರಿಸಿದರು.

ಸತ್ತ ಮೇಲೆ ಕೆಲಸ ಮುಗಿಯುವುದಿಲ್ಲ. ಇಪ್ಪತ್ತು ದಿನವಾದರೂ ನೆರಳಲ್ಲಿ ಒಣಗಬೇಕು. ಬಿಸಿಲಿಗೆ ಬಿಟ್ಟರೆ ಹಲಗೆ ಬಿರಿಯುತ್ತದೆ. ಆಮೇಲೆ ಗೋಡಂಬಿ ಸಿಪ್ಪೆಯ ಎಣ್ಣೆ, ಎರಡು ಕೋಟು. ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಗುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ, ನನ್ನ ಮೊಣಕೈವರೆಗೆ ಗುಳ್ಳೆ ಎದ್ದು ಒಂದು ವಾರ ಊಟಕ್ಕೂ ಚಮಚ ಹಿಡಿದಿದ್ದೆ. ಬರೀ ಅದೇ ಹಚ್ಚಿದರೆ ಬೇಗ ಒಣಗುವುದಿಲ್ಲ. ಅದಕ್ಕೆ ಬೂತಾಯಿ ಮೀನಿನ ಎಣ್ಣೆ ಮತ್ತೆ ಇನ್ನೊಂದು ಸಾಮಾನು ಸೇರಿಸುತ್ತೇನೆ. ಆ ಇನ್ನೊಂದು ಅಜ್ಜನದು, ಹಾಗಾಗಿ ಬಿಟ್ಟುಕೊಡುವುದಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ಎಳೆದು ತಂದು ವಾಪಸ್ ಬಿಡಲು ಡೀಸೆಲ್ಲು, ಜನ ಸೇರಿ ಐದು ಸಾವಿರ. ರಾತ್ರಿ ಕಾವಲಿಗೆ ನಲವತ್ತು ದಿನಕ್ಕೆ ಹನ್ನೆರಡು. ದಡಕ್ಕೆ ಎಳೆದು ಇಳಿಸಲು ಹತ್ತು. ಎಣ್ಣೆ, ನೂಲು, ಕೂಲಿ ಹದಿಮೂರು, ಹದಿನಾಲ್ಕು. ಒಟ್ಟು ನಲವತ್ತು ಸಾವಿರದ ಆಸುಪಾಸು. ಪೂರ್ತಿ ತಿಂದುಹೋದ ಹಲಗೆ ಬದಲಿಸಲೇಬೇಕು, ಅದು ಬೇರೆ ಲೆಕ್ಕ. ಆ ಬೋಟಿಗೆ ಮೂರು ಹಲಗೆಯಲ್ಲಿ ಮುಗಿಯಿತು.

ಈಗ ಅದು ನಾಲ್ಕನೇ ಸೀಸನ್ ಓಡುತ್ತಿದೆ. ಇಂಜಿನ್ ಬಿಚ್ಚುವ ಮೊದಲೇ ನನಗೆ ಫೋನ್ ಮಾಡಿ ಜಾಗ ಇದೆಯಾ ಅಂತ ಕೇಳುವವರು ಈ ವರ್ಷ ಆರು ಜನ ಆದರು. ತಿರುವಿನಲ್ಲಿ ಹಿಡಿಯುವುದು ಮೂರೇ ಬೋಟು.