ವಿಡಿಯೋ ನೋಡಿ ಬಂದವರಿಗೆ ಕ್ಲಾಸಿನಲ್ಲಿ ಏನು ಹೇಳಲಿ?

ನಾನು ಡಿಗ್ರಿ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. ಮೊದಲ ಸಲ ಆನ್‌ಲೈನ್ ಕೋರ್ಸ್ ಜೋಡಿಸಿದಾಗ ವಾರದ ನಾಲ್ಕು ಕ್ಲಾಸ್ ಹಾಗೇ ಇಟ್ಟುಕೊಂಡು, ವಿಡಿಯೋನೂ ನೋಡಿ ಬನ್ನಿ ಅಂದೆ. ಅರ್ಧ ಜನ ನೋಡಿರಲಿಲ್ಲ. ಅವರಿಗೋಸ್ಕರ ಅದೇ ಪಾಠವನ್ನು ಬೋರ್ಡ್ ಮೇಲೆ ಮತ್ತೆ ಮಾಡಿದೆ. ನೋಡಿ ಬಂದವರಿಗೆ ಬೇಜಾರಾಯಿತು. ಮುಂದಿನ ವಾರ ಅವರೂ ನೋಡಲಿಲ್ಲ. ಹೇಗೂ ಸರ್ ಹೇಳ್ತಾರೆ, ಅಲ್ವಾ?

ಮುಂದಿನ ಸೆಮಿಸ್ಟರ್‌ನಲ್ಲಿ ವಿಭಾಗದ ಒಪ್ಪಿಗೆ ಪಡೆದು ಒಂದು ಕ್ಲಾಸ್ ತೆಗೆದೆ. ಆ ಸಮಯ ವಿಡಿಯೋಗೆ. ಇಡೀ ಕೋರ್ಸ್ ಕೊಡದೆ, ಚಿಕ್ಕ ಚಿಕ್ಕ ವಿಡಿಯೋಗಳನ್ನು ಮಾತ್ರ ಆರಿಸಿದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳಲ್ಲಿ ಜನ ವಿಡಿಯೋ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಬಂತು. ವಿಡಿಯೋ ಎಷ್ಟೇ ಉದ್ದ ಇರಲಿ, ನೋಡಿದ ಸಮಯದ ಮಧ್ಯಾಂಕ, ಅಂದರೆ ಸಮಯಗಳನ್ನು ಕ್ರಮವಾಗಿ ಜೋಡಿಸಿದರೆ ನಟ್ಟನಡುವೆ ಬರುವ ಸಂಖ್ಯೆ, 6 ನಿಮಿಷ ದಾಟಿರಲಿಲ್ಲ.

ವಿಡಿಯೋ ಮುಗಿದ ಮೇಲೆ ಎರಡು ಲೆಕ್ಕ, ಜೊತೆಗೆ ಮೂರನೇ ಪ್ರಶ್ನೆ: ‘ಎಲ್ಲಿ ತಲೆಗೆ ಹತ್ತಲಿಲ್ಲ?’ ರಾತ್ರಿಯೊಳಗೆ ಉತ್ತರ ಬರಬೇಕು. ಬೆಳಿಗ್ಗೆ ಕ್ಲಾಸಿಗೆ ಹೋಗುವ ಮೊದಲು ಎಲ್ಲವನ್ನೂ ಓದುತ್ತೇನೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆ ನಿಂತಿರುವುದು ಈ ಓದಿನ ಮೇಲೆ.

ಒಮ್ಮೆ ಈ ಲೆಕ್ಕ ಕೊಟ್ಟಿದ್ದೆ. 1000 ಜನರಲ್ಲಿ 10 ಜನರಿಗೆ ರೋಗವಿದೆ. ಪರೀಕ್ಷೆ ರೋಗ ಇದ್ದವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ. ರೋಗ ಇಲ್ಲದವರಲ್ಲೂ ನೂರಕ್ಕೆ 10 ಜನರಿಗೆ ತಪ್ಪಾಗಿ ‘ಇದೆ’ ಅನ್ನುತ್ತದೆ. ‘ಇದೆ’ ಎಂದು ಬಂದವರಿಗೆ ನಿಜಕ್ಕೂ ರೋಗ ಇರುವ ಸಾಧ್ಯತೆ ಎಷ್ಟು? ಬಹಳ ಜನ ನೂರಕ್ಕೆ 90 ಅಂತ ಬರೆದಿದ್ದರು. ಒಬ್ಬ ಹುಡುಗಿ ಮೂರನೇ ಪ್ರಶ್ನೆಗೆ ಬರೆದಿದ್ದಳು: ‘ಸೂತ್ರ ಗೊತ್ತು ಸರ್. ಯಾವುದರಿಂದ ಭಾಗಿಸಬೇಕು ಅಂತ ಗೊತ್ತಾಗಲ್ಲ.’

ಅವತ್ತು ಕ್ಲಾಸ್ ಶುರುವಾಗಿದ್ದೇ ಆ ಮಾತಿನಿಂದ. ಹೆಸರು ಹೇಳದೆ ಬೋರ್ಡ್ ಮೇಲೆ ಬರೆದೆ. ಹಾರ್ವರ್ಡ್‌ನ ಎರಿಕ್ ಮಜೂರ್ ಭೌತಶಾಸ್ತ್ರದ ಕ್ಲಾಸಿನಲ್ಲಿ ಬೆಳೆಸಿದ ವಿಧಾನ ನನಗೆ ಇಷ್ಟ. ಮೊದಲು ಒಬ್ಬೊಬ್ಬರೇ ಉತ್ತರ ಆರಿಸಬೇಕು, ಪಕ್ಕದವರ ಜೊತೆ ವಾದ ಮಾಡಬೇಕು, ಆಮೇಲೆ ಮತ್ತೆ ಆರಿಸಬೇಕು. ವಾದ ಜೋರಾದಾಗ ಗ್ರಾಫ್ ಹಾಳೆ ಹಂಚಿದೆ. 1000 ಚೌಕ, ಒಂದು ಚೌಕಕ್ಕೆ ಒಬ್ಬರು. ರೋಗ ಇರುವ 10ರಲ್ಲಿ 9ಕ್ಕೆ ಬಣ್ಣ ತುಂಬಿದರು. ಉಳಿದ 990ರಲ್ಲಿ 99ಕ್ಕೆ ಬೇರೆ ಬಣ್ಣ. ಎರಡೂ ಸೇರಿ 108. ಆ ಹುಡುಗಿ ಬಣ್ಣದ ಚೌಕಗಳ ಸುತ್ತ ಬೆರಳಾಡಿಸಿ, ‘ಇದರಿಂದ ಭಾಗಿಸಬೇಕು’ ಅಂದಳು. 108ರಲ್ಲಿ 9, ಅಂದರೆ 12ಕ್ಕೆ ಒಂದು. ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬೋರ್ಡ್ ಮೇಲೆ ನಾನೇ ಮಾಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಆದರೆ ಅವಳ ಗೊಂದಲ ಹಾಗೇ ಉಳಿಯುತ್ತಿತ್ತು.

ಆನ್‌ಲೈನ್ ಲೆಕ್ಕಗಳಿಗೆ ಇಂಟರ್ನಲ್ಸ್‌ನಲ್ಲಿ ಸ್ವಲ್ಪ ಅಂಕ ಇಟ್ಟಿದ್ದೇನೆ, ಪ್ರಯತ್ನಕ್ಕೆ ಮಾತ್ರ. ಸರಿ ಉತ್ತರಕ್ಕೆ ಅಂಕ ಕೊಟ್ಟರೆ ಕಾಪಿ ಹೊಡೆಯುತ್ತಾರೆ. ಆಗ ಬೆಳಿಗ್ಗೆ ಓದುವುದಕ್ಕೆ ಏನೂ ಉಳಿಯುವುದಿಲ್ಲ. ಡೇಟಾ ಸಾಲದವರಿಗೆ ವಿಡಿಯೋಗಳನ್ನು ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಹಾಕಿಸಿದ್ದೇನೆ. ನೋಡದೆ ಬಂದವರಿಗೋಸ್ಕರ ಪಾಠ ಮತ್ತೆ ಮಾಡುವುದಿಲ್ಲ, ನೋಡಿದವರ ಪಕ್ಕ ಕೂರಿಸುತ್ತೇನೆ. ಹಾಗೆ ಸುಮ್ನೆ ಇರುವುದು ಈಗಲೂ ನನಗೆ ಕಷ್ಟ.

ಮೂರನೇ ಪ್ರಶ್ನೆಯಲ್ಲಿ ಒಂದೇ ದೂರು ತುಂಬಾ ಜನರಿಂದ ಬಂದರೆ ಆ ವಿಡಿಯೋ ತೆಗೆದು, ನಾನೇ ಐದು ನಿಮಿಷದ್ದು ರೆಕಾರ್ಡ್ ಮಾಡಿ ಹಾಕುತ್ತೇನೆ. ಚೌಕಗಳ ವಿಡಿಯೋ ಹಾಗೆ ಮಾಡಿದ್ದು. ಅದರಲ್ಲಿ ಕಾಣುವುದು ಮಕ್ಕಳು ಬಣ್ಣ ತುಂಬಿದ ಅದೇ ಹಾಳೆ.